ಪಿಕಪ್ ಎತ್ತರಿಸುವ ಮೊದಲು ಟೈರ್ ಲೆಕ್ಕ ಹಾಕಿ

ಇಸುಜು ವಿ-ಕ್ರಾಸ್, ಟೊಯೋಟ ಹೈಲಕ್ಸ್‌ನಂಥ ಪಿಕಪ್‌ಗಳು ಈಗ ನಮ್ಮ ಮಲೆನಾಡಿನ ತೋಟದ ದಾರಿಗಳಲ್ಲೂ ಬೆಂಗಳೂರಿನ ಅಪಾರ್ಟ್‌ಮೆಂಟ್ ನೆಲಮಾಳಿಗೆಗಳಲ್ಲೂ ಕಾಣುತ್ತವೆ. ಇವನ್ನು ಕೊಂಡವರಲ್ಲಿ ಹಲವರಿಗೆ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಆಸೆ ಹುಟ್ಟುತ್ತದೆ. ಗಾಡಿಯನ್ನು ಎರಡು ಇಂಚು ಎತ್ತರಿಸಿ, ದಪ್ಪ ಹಲ್ಲಿನ ದೊಡ್ಡ ಟೈರ್ ಹಾಕಿಸಬೇಕು. ಗ್ಯಾರೇಜಿನಲ್ಲಿ ವಿಚಾರಿಸಿದರೆ "ಲಿಫ್ಟ್ ಹಾಕಿಸಿಬಿಡಿ ಸಾರ್, ಆಮೇಲೆ ಎಲ್ಲೂ ತಳ ತಾಗಲ್ಲ" ಎಂಬ ಉತ್ತರ ಸಿಗುತ್ತದೆ.

ಈ ಮಾತು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ತಿಳಿಯದೆ ದುಡ್ಡು ಸುರಿದವರ ಗಾಡಿ ನೋಡಲು ಎತ್ತರವಾಗುತ್ತದೆ, ಆದರೆ ಮೊದಲು ಸಿಕ್ಕಿಕೊಂಡಿದ್ದ ಕಲ್ಲಿಗೇ ಮತ್ತೆ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಘಾಟಿ ಇಳಿಯುವಾಗ ಬ್ರೇಕು, ತಿರುವಿನಲ್ಲಿ ಸಮತೋಲನ, ರಾತ್ರಿ ಎದುರು ಬರುವವರ ಕಣ್ಣು, ಎಲ್ಲದರ ಮೇಲೂ ಅದರ ಪರಿಣಾಮ ಇರುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ. ಕಷ್ಟದ ಲೆಕ್ಕವೇನಲ್ಲ, ಶಾಲೆಯಲ್ಲಿ ಕಲಿತ ಗುಣಾಕಾರ ಭಾಗಾಕಾರ ಸಾಕು.

ತಳ ತಾಗುತ್ತದೆ ಅಂದರೆ ಯಾವ ತಳ?

ಹೈಲಕ್ಸ್ ಮತ್ತು ವಿ-ಕ್ರಾಸ್ ಎರಡರಲ್ಲೂ ಮುಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಇದೆ. ಕಾಯಿಲ್ ಸ್ಪ್ರಿಂಗ್, ಮೇಲೊಂದು ಕೆಳಗೊಂದು ತೋಳು. ಹಿಂದೆ ಒಂದೇ ಗಟ್ಟಿ ಆಕ್ಸಲ್, ಅದರ ಮೇಲೆ ಲೀಫ್ ಸ್ಪ್ರಿಂಗ್, ಅಂದರೆ ಗ್ಯಾರೇಜಿನವರು 'ಪ್ಲೇಟ್' ಎನ್ನುವ ಆ ಪಟ್ಟಿಗಳ ಕಟ್ಟು. ಈ ಹಿಂದಿನ ಆಕ್ಸಲ್‌ನ ನಡುವೆ ಗುಂಡಗೆ ಉಬ್ಬಿರುವ ಭಾಗವೇ ಡಿಫರೆನ್ಷಿಯಲ್. ಇಂಥ ಪಿಕಪ್‌ಗಳಲ್ಲಿ ನೆಲಕ್ಕೆ ಎಲ್ಲಕ್ಕಿಂತ ಹತ್ತಿರವಿರುವುದು ಸಾಮಾನ್ಯವಾಗಿ ಇದೇ. ಎರಡು ಗಾಲಿಜಾಡಿನ ನಡುವೆ ಎದ್ದು ನಿಂತ ಕಲ್ಲಿಗೆ ಬಡಿಯುವುದೂ ಇದೇ.

ಈಗ ಯೋಚಿಸಿ. ಸಸ್ಪೆನ್ಷನ್ ಲಿಫ್ಟ್ ಎಂದರೆ ಆಕ್ಸಲ್ ಮತ್ತು ಚಾಸಿಸ್ ನಡುವಿನ ಅಂತರವನ್ನು ಹೆಚ್ಚಿಸುವುದು. ಚಾಸಿಸ್ ಮೇಲೆ ಹೋಗುತ್ತದೆ, ಬಾಡಿ ಮೇಲೆ ಹೋಗುತ್ತದೆ. ಆಕ್ಸಲ್ ಮಾತ್ರ ಇದ್ದಲ್ಲೇ ಇರುತ್ತದೆ, ಏಕೆಂದರೆ ಅದು ನಿಂತಿರುವುದು ಚಕ್ರಗಳ ಮೇಲೆ. ನೀವು ಎರಡು ಇಂಚಲ್ಲ, ಆರು ಇಂಚು ಲಿಫ್ಟ್ ಹಾಕಿಸಿದರೂ ಡಿಫರೆನ್ಷಿಯಲ್‌ನ ಕೆಳಗಿನ ಜಾಗ ಒಂದು ಮಿಲಿಮೀಟರ್ ಕೂಡ ಹೆಚ್ಚುವುದಿಲ್ಲ.

ಅದನ್ನು ಮೇಲೆತ್ತುವ ದಾರಿ ಒಂದೇ: ಎತ್ತರದ ಟೈರ್. ಅದರಲ್ಲೂ ಸಿಗುವುದು ಅರ್ಧ ಲಾಭ. ಟೈರಿನ ವ್ಯಾಸ 40 ಮಿ.ಮೀ. ಹೆಚ್ಚಾದರೆ ಆಕ್ಸಲ್ ಏರುವುದು 20 ಮಿ.ಮೀ., ಏಕೆಂದರೆ ಆಕ್ಸಲ್ ಇರುವುದು ಚಕ್ರದ ನಡುಮಧ್ಯದಲ್ಲಿ.

ಹಾಗಾದರೆ ಲಿಫ್ಟ್ ದಂಡವೇ?

ಇಲ್ಲ. ಅದು ಬೇರೆ ಕೆಲಸಕ್ಕೆ ಬರುತ್ತದೆ. ತೋಟದ ದಾರಿಯಲ್ಲಿ ಅಡ್ಡಲಾಗಿ ತೋಡಿದ ಚರಂಡಿಯ ದಿಬ್ಬವನ್ನು ದಾಟುವಾಗ ಮುಂದಿನ ಚಕ್ರ ಆಚೆ, ಹಿಂದಿನದು ಈಚೆ ಇರುತ್ತದೆ. ಆಗ ದಿಬ್ಬಕ್ಕೆ ಉಜ್ಜುವುದು ಗಾಡಿಯ ಹೊಟ್ಟೆ. ಪಿಕಪ್‌ಗಳು ಉದ್ದದ ಗಾಡಿಗಳು. ಹೈಲಕ್ಸ್‌ನ ಮುಂದಿನ ಹಿಂದಿನ ಚಕ್ರಗಳ ನಡುವೆ 3,085 ಮಿ.ಮೀ. ಅಂತರವಿದೆ. ಹೊಟ್ಟೆಯ ಭಾಗ ನೆಲದಿಂದ 220 ಮಿ.ಮೀ. ಎತ್ತರದಲ್ಲಿದೆ ಎಂದುಕೊಂಡು ಸರಳ ಜ್ಯಾಮಿತಿ ಹಾಕಿದರೆ, ತಾಗದೆ ದಾಟಬಹುದಾದ ದಿಬ್ಬದ ಕೋನ ಸುಮಾರು 16 ಡಿಗ್ರಿ. ಅದೇ ಹೊಟ್ಟೆಯನ್ನು 50 ಮಿ.ಮೀ. ಎತ್ತಿದರೆ ಕೋನ ಸುಮಾರು 20 ಡಿಗ್ರಿ ಆಗುತ್ತದೆ. ಇದು ನಿಜವಾದ ಲಾಭ. ಮುಂದಿನ ಬಂಪರ್ ಏರಿಗೆ ತಾಗುವುದು, ಹಿಂದಿನದು ಇಳಿಜಾರಿನ ಕೊನೆಯಲ್ಲಿ ನೆಲ ಕೆರೆಯುವುದು, ಇವೂ ಕಡಿಮೆಯಾಗುತ್ತವೆ.

ಹಾಗಾಗಿ ಮೊದಲ ಪ್ರಶ್ನೆ 'ಎಷ್ಟು ಇಂಚು?' ಎಂಬುದಲ್ಲ, 'ನನ್ನ ಗಾಡಿ ಎಲ್ಲಿ ತಾಗುತ್ತಿದೆ?' ಎಂಬುದು. ಗಾಡಿಯ ಕೆಳಗೆ ಟಾರ್ಚ್ ಹಿಡಿದು ಮಲಗಿ ನೋಡಿ. ಗೀಚು ಡಿಫರೆನ್ಷಿಯಲ್ ಮೇಲಿದ್ದರೆ ಲಿಫ್ಟ್‌ನಿಂದ ಪ್ರಯೋಜನವಿಲ್ಲ. ಪಾವಟಿಗೆಯ ಮೇಲಿದ್ದರೆ ಅದನ್ನು ಬಿಚ್ಚಿಟ್ಟರೂ ಸಾಕಾಗಬಹುದು. ಹಲವು ಗಾಡಿಗಳಲ್ಲಿ ಬದಿಯ ಪಾವಟಿಗೆಯೇ ಚಾಸಿಸ್‌ಗಿಂತ ಕೆಳಗೆ ಜೋತುಬಿದ್ದಿರುತ್ತದೆ. ಹಿಂದಿನ ಬಂಪರ್ ಕೆಳಗಿನ ಟೋ ಕೊಕ್ಕೆಯದ್ದೂ ಇದೇ ಕಥೆ.

ಟೈರಿನ ಬದಿಯ ಅಂಕಿಗಳು ಏನು ಹೇಳುತ್ತವೆ

ನಮ್ಮಲ್ಲಿ ಮಾರಾಟವಾಗುವ ಹೈಲಕ್ಸ್‌ನ ಟೈರ್ ಮೇಲೆ 265/60 ಆರ್18 ಎಂದು ಬರೆದಿರುತ್ತದೆ. 265 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 60 ಎಂದರೆ ಆ ಅಗಲದ ಶೇ. 60ರಷ್ಟು ಬದಿಗೋಡೆಯ ಎತ್ತರ, ಅಂದರೆ 159 ಮಿ.ಮೀ. 18 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಅದು 457 ಮಿ.ಮೀ. ಬದಿಗೋಡೆ ಮೇಲೊಂದು ಕೆಳಗೊಂದು ಎಂದು ಎರಡು ಸಲ ಸೇರಿಸಿದರೆ ಒಟ್ಟು ಎತ್ತರ 775 ಮಿ.ಮೀ.

ಇದರ ಜಾಗಕ್ಕೆ ಹಲವರು ಬಯಸುವ ಒಂದು ಅಳತೆ 275/65 ಆರ್18. ಅದೇ ಲೆಕ್ಕ ಹಾಕಿದರೆ ಎತ್ತರ ಸುಮಾರು 815 ಮಿ.ಮೀ. ವ್ಯತ್ಯಾಸ 40 ಮಿ.ಮೀ., ಅಂದರೆ ಡಿಫರೆನ್ಷಿಯಲ್ ಏರುವುದು 20 ಮಿ.ಮೀ. ಕಿರುಬೆರಳಿನ ಒಂದು ಗೆಣ್ಣಿನಷ್ಟು. ಇಷ್ಟಕ್ಕೆ ನಾವು ತೆರುವ ಬೆಲೆ ಏನು ಎಂಬುದನ್ನು ಮುಂದೆ ನೋಡೋಣ.

ಅದಕ್ಕೂ ಮೊದಲು ಇನ್ನೊಂದು ಅಳತೆ ಗಮನಿಸಿ: 265/65 ಆರ್17. ಇದರ ಎತ್ತರ 776 ಮಿ.ಮೀ., ಮೂಲ ಟೈರಿನಷ್ಟೇ. ಆದರೆ ರಿಮ್ ಒಂದು ಇಂಚು ಸಣ್ಣದಾದ ಕಾರಣ ಬದಿಗೋಡೆ 13 ಮಿ.ಮೀ. ಹೆಚ್ಚು. ಕಲ್ಲುದಾರಿಯಲ್ಲಿ ರಿಮ್ಮನ್ನು ಕಾಯುವುದೂ ಗಾಳಿ ಇಳಿಸಿದಾಗ ಬಾಗಿಕೊಡುವುದೂ ಬದಿಗೋಡೆಯೇ. ದೊಡ್ಡ ರಿಮ್ಮಿಗೆ ತೆಳು ಟೈರ್ ಹಾಕಿಸಿಕೊಂಡು ಕಲ್ಲಿನ ಮೇಲೆ ಓಡಿಸುವವರನ್ನು ಕಂಡರೆ ನಮಗೆ ಟೈರಿನ ಮೇಲೆ ಕನಿಕರವಾಗುತ್ತದೆ. ಸಣ್ಣ ರಿಮ್ ಹಾಕುವ ಮೊದಲು ಅದು ಬ್ರೇಕ್ ಕ್ಯಾಲಿಪರ್‌ಗೆ ತಾಗದೆ ಕೂರುತ್ತದೆಯೇ, ನಿಮ್ಮ ಮಾದರಿಗೆ ಕಂಪನಿಯೇ ಆ ಅಳತೆಯನ್ನು ಒಪ್ಪಿದೆಯೇ ಎಂದು ನೋಡಬೇಕು.

ಐದು ಪರ್ಸೆಂಟ್‌ನ ಕಥೆ

775ರಿಂದ 815ಕ್ಕೆ ಹೋದರೆ ಟೈರ್ ಸುಮಾರು ಶೇ. 5ರಷ್ಟು ದೊಡ್ಡದಾಯಿತು. ಚಕ್ರ ಒಂದು ಸುತ್ತು ತಿರುಗಿದಾಗ ಗಾಡಿ ಮೊದಲು 2.43 ಮೀಟರ್ ಹೋಗುತ್ತಿತ್ತು, ಈಗ 2.56 ಮೀಟರ್ ಹೋಗುತ್ತದೆ. ಸ್ಪೀಡೋಮೀಟರ್ ಲೆಕ್ಕ ಹಾಕುವುದು ಸುತ್ತುಗಳನ್ನು. ಅದಕ್ಕೆ ಟೈರ್ ಬದಲಾದದ್ದು ಗೊತ್ತಿಲ್ಲ. ಕಂಪನಿಗಳು ಸ್ಪೀಡೋಮೀಟರನ್ನು ನಿಜವಾದ ವೇಗಕ್ಕಿಂತ ತುಸು ಹೆಚ್ಚು ತೋರಿಸುವಂತೆಯೇ ಮಾಡಿರುತ್ತವೆ. ಟೈರ್ ದೊಡ್ಡದಾದಾಗ ಆ ಹೆಚ್ಚುವರಿ ರಕ್ಷಣೆ ಕರಗಿಹೋಗುತ್ತದೆ. ಓಡೋಮೀಟರ್ ಕೂಡ ಹಿಂದೆ ಬೀಳುತ್ತದೆ. ಅದು 10,000 ಕಿ.ಮೀ. ತೋರಿಸುವಾಗ ಗಾಡಿ 10,500 ಓಡಿರುತ್ತದೆ. ಮೈಲೇಜ್ ಕಡಿಮೆಯಾಯಿತು ಎಂದು ದೂರುವವರ ದೂರಿನಲ್ಲಿ ಒಂದು ಪಾಲು ಈ ತಪ್ಪು ಅಳತೆಯದ್ದು. ಉಳಿದ ಪಾಲು ಮಾತ್ರ ನಿಜವೇ: ಭಾರದ ಟೈರನ್ನು ಉರುಳಿಸಲು ಡೀಸೆಲ್ ಹೆಚ್ಚು ಬೇಕು.

ಗೇರಿನ ಮೇಲೂ ಅದೇ ಶೇ. 5ರ ಪರಿಣಾಮ. ಎಲ್ಲ ಗೇರುಗಳೂ ಅಷ್ಟರಮಟ್ಟಿಗೆ 'ಉದ್ದ'ವಾಗುತ್ತವೆ. ಏರಿನಲ್ಲಿ ಎಳೆತ ಕಡಿಮೆ, ಇಳಿಜಾರಿನಲ್ಲಿ ಎಂಜಿನ್ ಹಿಡಿತ ಕಡಿಮೆ. ಮೂಟೆ ಹೇರಿಕೊಂಡು ಕ್ಲಚ್ ಬಿಡುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ.

ಬ್ರೇಕಿನ ವಿಷಯ ಇನ್ನೂ ಗಂಭೀರ. ಬ್ರೇಕ್ ಡಿಸ್ಕ್ ಬದಲಾಗಿಲ್ಲ, ಪ್ಯಾಡ್ ಬದಲಾಗಿಲ್ಲ. ಚಕ್ರವನ್ನು ತಡೆಯುವ ತಿರುಗುಬಲ ಅಷ್ಟೇ ಇದೆ, ಆದರೆ ನೆಲಕ್ಕೂ ಚಕ್ರದ ನಡುವಿಗೂ ಇರುವ ದೂರ ಹೆಚ್ಚಿದೆ. ಸನ್ನೆಕೋಲಿನ ಲೆಕ್ಕದಲ್ಲಿ, ಪೆಡಲನ್ನು ಮೊದಲಿನಷ್ಟೇ ಒತ್ತಿದರೆ ನೆಲದಲ್ಲಿ ಸಿಗುವ ತಡೆ ಸುಮಾರು ಶೇ. 5 ಕಡಿಮೆ. ಮೇಲಿಂದ, ಒಂದೊಂದು ಟೈರೂ ಹಲವು ಕಿಲೋ ಹೆಚ್ಚು ತೂಗಬಹುದು, ಆ ತೂಕವೆಲ್ಲ ಅಂಚಿನಲ್ಲಿ ತಿರುಗುತ್ತಿರುತ್ತದೆ. ಅದನ್ನು ನಿಲ್ಲಿಸುವ ಶಕ್ತಿಯೆಲ್ಲ ಬಿಸಿಯಾಗಿ ಡಿಸ್ಕಿಗೆ ಹೋಗುತ್ತದೆ. ಸಮತಟ್ಟು ರಸ್ತೆಯಲ್ಲಿ ಒಮ್ಮೆ ಗಟ್ಟಿಯಾಗಿ ಒತ್ತಿದರೆ ವ್ಯತ್ಯಾಸ ತಿಳಿಯದೇ ಹೋಗಬಹುದು. ಚಾರ್ಮಾಡಿಯನ್ನೋ ಶಿರಾಡಿಯನ್ನೋ ತುಂಬಿದ ಗಾಡಿಯಲ್ಲಿ ಇಳಿಯುವಾಗ ತಿಳಿಯುತ್ತದೆ.

ಅಗಲವಾದಷ್ಟೂ ಹಿಡಿತ ಹೆಚ್ಚೇ?

ಟೈರ್ ನೆಲಕ್ಕೆ ತಾಗುವ ಭಾಗದ ವಿಸ್ತೀರ್ಣವನ್ನು ಹೆಚ್ಚಾಗಿ ನಿರ್ಧರಿಸುವುದು ಟೈರಿನ ಅಗಲವಲ್ಲ, ಒಳಗಿನ ಗಾಳಿ. ಒಂದು ಚಕ್ರದ ಮೇಲೆ 500 ಕೆ.ಜಿ. ಭಾರವಿದ್ದು ಗಾಳಿ 35 ಪಿಎಸ್‌ಐ ಇದ್ದರೆ, ತಾಗುವ ಜಾಗ ಹೆಚ್ಚೂಕಡಿಮೆ 200 ಚದರ ಸೆಂಟಿಮೀಟರ್. ಗಾಳಿಯನ್ನು 20 ಪಿಎಸ್‌ಐಗೆ ಇಳಿಸಿದರೆ ಅದು 350ರ ಹತ್ತಿರಕ್ಕೆ ಹೋಗುತ್ತದೆ. (ಬದಿಗೋಡೆಯ ಬಿಗಿಯೂ ಸ್ವಲ್ಪ ಭಾರ ಹೊರುವುದರಿಂದ ಇದು ಅಂದಾಜು ಲೆಕ್ಕ.) ಅಗಲದ ಟೈರ್ ಹಾಕಿ ಗಾಳಿ ಅಷ್ಟೇ ಇಟ್ಟರೆ ಆ ಜಾಗದ ಆಕಾರ ಬದಲಾಗುತ್ತದೆ, ಗಾತ್ರ ಅಷ್ಟೇನೂ ಬದಲಾಗದು.

ಹಾಗಾಗಿ ಮರಳಿನಲ್ಲಿ, ಸಡಿಲ ಜಲ್ಲಿಯಲ್ಲಿ, ಏಳುಬೀಳಿನ ಕಲ್ಲುದಾರಿಯಲ್ಲಿ ಅತ್ಯಂತ ಅಗ್ಗದ 'ಅಪ್‌ಗ್ರೇಡ್' ಎಂದರೆ ಗಾಳಿ ಇಳಿಸುವುದು. ಬೇಕಾದದ್ದು ಒಂದು ಪ್ರೆಷರ್ ಗೇಜ್ ಮತ್ತು ಡಾಂಬರು ಸಿಕ್ಕ ಕೂಡಲೇ ಗಾಳಿ ತುಂಬಿಸಲು 12 ವೋಲ್ಟಿನ ಒಂದು ಕಂಪ್ರೆಸರ್. ಈ ಎರಡನೆಯದನ್ನು ಮರೆತು ಕಡಿಮೆ ಗಾಳಿಯಲ್ಲೇ ಹೆದ್ದಾರಿಗೆ ಹೋದರೆ ಬದಿಗೋಡೆ ಬಿಸಿಯಾಗಿ ಟೈರ್ ಸಿಡಿಯಬಹುದು.

ಮಲೆನಾಡಿನ ಕೆಸರು ಬೇರೆ ಜಾತಿ. ಮೇಲೆ ಜಾರುವ ಪದರ, ಅದರ ಕೆಳಗೆ ಗಟ್ಟಿ ನೆಲ. ಇಂಥಲ್ಲಿ ಕಿರಿದಾದ, ಎತ್ತರದ ಟೈರ್ ಕೆಸರನ್ನು ಸೀಳಿಕೊಂಡು ಗಟ್ಟಿ ನೆಲ ಮುಟ್ಟುತ್ತದೆ. ಅಗಲದ ಟೈರ್ ಕೆಸರಿನ ಮೇಲೆ ತೇಲಿ ಜಾರುವ ಸಂಭವ ಹೆಚ್ಚು. ಹಳೆಯ ತೋಟದ ಜೀಪುಗಳ ಸಣಕಲು ಟೈರ್ ನೋಡಿ ನಗುವವರು ಮಳೆಗಾಲದಲ್ಲಿ ಅವುಗಳ ಹಿಂದೆ ಹೋಗಿ ನೋಡಬೇಕು.

ಇನ್ನು ಹಲ್ಲುಗಳು. ಮಡ್ ಟೆರೇನ್ ಟೈರಿನ ದೊಡ್ಡ ಕಟ್ಟೆಗಳ ನಡುವೆ ಅಗಲ ಕಾಲುವೆಗಳಿರುತ್ತವೆ, ಕೆಸರನ್ನು ಹೊರಗೆ ಎಸೆಯಲು. ಆದರೆ ಅದೇ ಕಾರಣಕ್ಕೆ ಒದ್ದೆ ಡಾಂಬರಿಗೆ ತಾಗುವ ರಬ್ಬರ್ ಕಡಿಮೆ, ಬ್ರೇಕ್ ದೂರ ಹೆಚ್ಚು. ತಿಂಗಳುಗಟ್ಟಲೆ ಮಳೆ ಬೀಳುವ ಊರಿನಲ್ಲಿ, ಓಡಾಟದ ಬಹುಪಾಲು ಒದ್ದೆ ಡಾಂಬರಿನ ಮೇಲೇ ಇರುವವರಿಗೆ ಅದು ಒಳ್ಳೆಯ ಆಯ್ಕೆಯಲ್ಲ. ಹೆಚ್ಚಿನವರಿಗೆ ಆಲ್ ಟೆರೇನ್ ಸಾಕು.

ಟೈರಿನ ಮೇಲೆ ಮೊದಲಿಗೆ 'ಎಲ್‌ಟಿ' ಎಂಬ ಅಕ್ಷರವಿದ್ದರೆ ಅದು ಲೈಟ್ ಟ್ರಕ್ ಟೈರ್: ಬದಿಗೋಡೆ ದಪ್ಪ, ಕಲ್ಲಿನ ಹೊಡೆತ ತಡೆಯುತ್ತದೆ. ಆದರೆ ಅದೇ ಭಾರ ಹೊರಲು ಸಾಮಾನ್ಯ ಟೈರಿಗಿಂತ ಅದಕ್ಕೆ ಹೆಚ್ಚು ಗಾಳಿ ಬೇಕು. ಬಾಗಿಲಿನ ಚೀಟಿಯಲ್ಲಿ ಬರೆದ ಗಾಳಿ ಮೂಲ ಟೈರಿಗೆ ಹೇಳಿದ್ದು. ಎಲ್‌ಟಿ ಟೈರಿಗೆ ಅಷ್ಟೇ ಹಾಕಿದರೆ ಸಾಲದು. ಇನ್ನು ಲೋಡ್ ಇಂಡೆಕ್ಸ್ ಎಂಬ ಅಂಕಿ ಮೂಲ ಟೈರಿಗಿಂತ ಕಡಿಮೆಯಿರುವ ಟೈರನ್ನು ಯಾವ ಕಾರಣಕ್ಕೂ ಹಾಕಿಸಬೇಡಿ. 112 ಎಂದಿದ್ದರೆ ಒಂದು ಟೈರ್ 1,120 ಕೆ.ಜಿ. ಹೊರಬಲ್ಲದು ಎಂದರ್ಥ.

ಎತ್ತರಿಸುವ ದಾರಿಗಳು

ಟೈರ್ ಎಷ್ಟು ಎತ್ತರದ್ದು ಎಂದು ತೀರ್ಮಾನವಾದ ಮೇಲೆ, ಅದು ಕೂರಲು ಬೇಕಾದಷ್ಟು ಮಾತ್ರ ಲಿಫ್ಟ್ ಎಂಬುದು ಸರಿಯಾದ ಕ್ರಮ. ಇಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. 'ಟೈರ್ ಉಜ್ಜುತ್ತದೆ, ಲಿಫ್ಟ್ ಹಾಕಿದರೆ ಸರಿಹೋಗುತ್ತದೆ' ಎನ್ನುತ್ತಾರೆ. ನಿಂತ ಗಾಡಿಯಲ್ಲಿ ಸರಿಹೋಗುತ್ತದೆ. ಆದರೆ ದೊಡ್ಡ ಗುಂಡಿಗೆ ಬಿದ್ದು ಸ್ಪ್ರಿಂಗ್ ಪೂರ್ತಿ ಒತ್ತಿಕೊಂಡಾಗ ಚಕ್ರ ಮೇಲೇರುವುದು ಬಂಪ್ ಸ್ಟಾಪ್ ಎಂಬ ರಬ್ಬರ್ ತಡೆಯವರೆಗೆ. ಆ ತಡೆ ಮೊದಲಿದ್ದಲ್ಲೇ ಇದ್ದರೆ ಚಕ್ರವೂ ಫೆಂಡರ್ ಒಳಗೆ ಮೊದಲಿನಷ್ಟೇ ಹೊಕ್ಕುತ್ತದೆ. ಲಿಫ್ಟ್ ಇದ್ದರೂ ಇಲ್ಲದಿದ್ದರೂ. ಉಜ್ಜುವಿಕೆ ಪರೀಕ್ಷಿಸಬೇಕಾದ್ದು ಸ್ಟೀರಿಂಗ್ ಪೂರ್ತಿ ತಿರುಗಿಸಿ, ಒಂದು ಚಕ್ರ ಪೂರ್ತಿ ಒತ್ತಿಕೊಂಡಿರುವ ಸ್ಥಿತಿಯಲ್ಲಿ.

ಮುಂಭಾಗಕ್ಕೆ ಎಲ್ಲಕ್ಕಿಂತ ಅಗ್ಗದ್ದು ಸ್ಪೇಸರ್. ಕಾಯಿಲ್ ಮತ್ತು ಶಾಕ್ ಜೋಡಣೆಯ ತಲೆಯ ಮೇಲೆ ಕೂರಿಸುವ ಒಂದು ಬಿಲ್ಲೆ. ಸ್ಪ್ರಿಂಗ್ ಕೂತಿರುವುದು ತೋಳಿನ ನಡುಭಾಗದಲ್ಲಿ, ಚಕ್ರ ಇರುವುದು ತುದಿಯಲ್ಲಿ. ಆದ್ದರಿಂದ 25 ಮಿ.ಮೀ. ಬಿಲ್ಲೆ ಹಾಕಿದರೆ ಗಾಡಿ ಸುಮಾರು ಅದರ ಎರಡರಷ್ಟು ಏರುತ್ತದೆ. 'ಒಂದು ಇಂಚು ಸಾಕಾಗಲ್ಲ, ಎರಡು ಇಂಚಿನದ್ದು ಹಾಕಿ' ಎನ್ನುವವರಿಗೆ ಇದು ಗೊತ್ತಿರುವುದಿಲ್ಲ. ಸ್ಪೇಸರ್‌ನಿಂದ ಶಾಕ್ ಉದ್ದವಾಗುವುದಿಲ್ಲ, ಕೆಳಗೆ ಸರಿಯುತ್ತದೆ ಅಷ್ಟೆ. ಚಕ್ರ ಗುಂಡಿಗೆ ಇಳಿದಾಗ ತೋಳುಗಳು ಮೂಲ ವಿನ್ಯಾಸಕ್ಕಿಂತ ಕೆಳಗೆ ಬಾಗುತ್ತವೆ, ಬಾಲ್ ಜಾಯಿಂಟ್ ಮತ್ತು ಡ್ರೈವ್ ಶಾಫ್ಟಿನ ಸಿವಿ ಜಾಯಿಂಟ್ ಕೋನದ ಅಂಚಿಗೆ ಹೋಗುತ್ತವೆ. ಸಿವಿ ಜಾಯಿಂಟಿನ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಗೆ ಚಿಮ್ಮಿದ್ದು ಕಂಡರೆ ಅದೇ ಮೊದಲ ಸೂಚನೆ.

ಇದಕ್ಕಿಂತ ಉತ್ತಮ ದಾರಿ ಸ್ಪ್ರಿಂಗ್ ಮತ್ತು ಶಾಕ್ ಎರಡನ್ನೂ ಒಂದಕ್ಕೊಂದು ಹೊಂದುವಂತೆ ಬದಲಿಸುವುದು. ಎರಡರ ಕೆಲಸ ಬೇರೆ. ಗಾಡಿಯನ್ನು ಹೊರುವುದು ಸ್ಪ್ರಿಂಗ್. ಸ್ಪ್ರಿಂಗಿನ ಕುಣಿತವನ್ನು ಅಡಗಿಸುವುದು ಶಾಕ್. 'ಗಟ್ಟಿ ಶಾಕ್ಸ್ ಹಾಕಿದರೆ ಲೋಡ್ ಹೆಚ್ಚು ಹಾಕಬಹುದು' ಎಂಬ ಮಾತಿಗೆ ಅರ್ಥವಿಲ್ಲ. ಸ್ವತಂತ್ರ ಸಸ್ಪೆನ್ಷನ್ ಇರುವ ಪಿಕಪ್‌ಗಳಿಗೆ ಸುಮಾರು 50 ಮಿ.ಮೀ.ವರೆಗೆ ಈ ಬಗೆಯ ಕಿಟ್‌ಗಳು ನಿಭಾಯಿಸುತ್ತವೆ. ಅದಕ್ಕಿಂತ ಮೇಲೆ ಹೋದರೆ ಮೇಲಿನ ತೋಳು, ಮುಂದಿನ ಡಿಫರೆನ್ಷಿಯಲ್‌ನ ಜೋಡಣೆ ಎಂದು ಒಂದೊಂದಾಗಿ ಬದಲಿಸುತ್ತ ಹೋಗಬೇಕಾಗುತ್ತದೆ. ಅಮೆರಿಕದಲ್ಲಿ ಕಾಣುವ ಆರು ಇಂಚಿನ ಲಿಫ್ಟ್‌ಗಳಲ್ಲಿ ಮುಂಭಾಗದ ಇಡೀ ಜೋಡಣೆಯನ್ನೇ ಬ್ರಾಕೆಟ್ ಹಾಕಿ ಕೆಳಗಿಳಿಸಿರುತ್ತಾರೆ. ಅಲ್ಲಿ ಹೊಸ ಬ್ರಾಕೆಟ್ಟೇ ಕಲ್ಲಿಗೆ ಸಿಗುವ ಹೊಸ ತಳವಾಗುತ್ತದೆ.

ಹಿಂಭಾಗದಲ್ಲಿ ಆಕ್ಸಲ್ ಮತ್ತು ಪ್ಲೇಟ್ ನಡುವೆ ಕಬ್ಬಿಣದ ಬ್ಲಾಕ್ ಇಡುವುದು ಸುಲಭದ ದಾರಿ. ಬ್ಲಾಕಿನಷ್ಟೇ ಎತ್ತರ ಸಿಗುತ್ತದೆ. ಆದರೆ ಎಂಜಿನ್ ಜೋರಾಗಿ ಎಳೆದಾಗ ಆಕ್ಸಲ್ ಬ್ಲಾಕನ್ನು ಸನ್ನೆಯಾಗಿ ಬಳಸಿ ಪ್ಲೇಟನ್ನು ತಿರುಚುತ್ತದೆ. ಒಂದರ ಮೇಲೊಂದು ಬ್ಲಾಕ್ ಪೇರಿಸುವುದಂತೂ ಅಪಾಯ. ಶ್ಯಾಕಲ್ ಉದ್ದ ಮಾಡಿದರೆ ಹೆಚ್ಚಿಸಿದ ಉದ್ದದ ಅರ್ಧದಷ್ಟು ಎತ್ತರ ಸಿಗುತ್ತದೆ, ಜೊತೆಗೆ ಡಿಫರೆನ್ಷಿಯಲ್‌ನ ಮೂಗಿನ ಕೋನ ಬದಲಾಗಿ ಪ್ರೊಪೆಲ್ಲರ್ ಶಾಫ್ಟ್ ನಡುಗಬಹುದು. ನಮ್ಮ ಅಭಿಪ್ರಾಯದಲ್ಲಿ ಪೂರ್ತಿ ಹೊಸ ಲೀಫ್ ಕಟ್ಟೇ ನೇರವಾದ ಆಯ್ಕೆ. ಆದರೆ ಅದನ್ನು ಆರಿಸುವಾಗ ಗಾಡಿ ಹೆಚ್ಚಿನ ದಿನ ಎಷ್ಟು ಭಾರ ಹೊರುತ್ತದೆ ಎಂದು ಪ್ರಾಮಾಣಿಕವಾಗಿ ಹೇಳಬೇಕು. ವರ್ಷಕ್ಕೆ ನಾಲ್ಕು ಸಲ ಮೂಟೆ ಹೇರುವವರು 500 ಕೆ.ಜಿ.ಯ ಸ್ಪ್ರಿಂಗ್ ಹಾಕಿಸಿಕೊಂಡರೆ ಉಳಿದ ದಿನವೆಲ್ಲ ಖಾಲಿ ಗಾಡಿಯ ಹಿಂಭಾಗ ಕುದುರೆಯಂತೆ ಒದೆಯುತ್ತದೆ, ಒದ್ದೆ ತಿರುವಿನಲ್ಲಿ ಚಕ್ರ ನೆಲ ಬಿಡುತ್ತದೆ. ಪ್ಲೇಟ್ ಬಿಚ್ಚಿದ ಮೇಲೆ ಹಳೆಯ ಯು-ಬೋಲ್ಟ್‌ಗಳನ್ನು ಮತ್ತೆ ಬಳಸಬಾರದು. ಹೊಸವನ್ನು ಹಾಕಿ, ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಬೇಕು.

ಸ್ಪ್ರಿಂಗ್ ಗಟ್ಟಿಯಾದರೆ ಗಾಡಿ ಹೊರುವ ಸಾಮರ್ಥ್ಯ ಹೆಚ್ಚುತ್ತದೆ ಎಂಬುದೂ ತಪ್ಪು. ಹಿಂಭಾಗ ಕುಸಿಯದಿರಬಹುದು. ಆದರೆ ಆಕ್ಸಲ್, ಬೇರಿಂಗ್, ಬ್ರೇಕ್, ಚಾಸಿಸ್ ಎಲ್ಲ ಹಳೆಯವೇ. ನೋಂದಣಿ ಪತ್ರದಲ್ಲಿರುವ ಒಟ್ಟು ತೂಕದ ಮಿತಿ ಒಂದು ಕಿಲೋ ಕೂಡ ಏರುವುದಿಲ್ಲ.

ಬಾಡಿ ಲಿಫ್ಟ್ ಎಂಬುದು ಇನ್ನೊಂದಿದೆ, ಚಾಸಿಸ್ ಮತ್ತು ಬಾಡಿ ನಡುವೆ ಬಿಲ್ಲೆ ಇಟ್ಟು ಬಾಡಿಯನ್ನಷ್ಟೇ ಎತ್ತುವುದು. ಟೈರಿಗೆ ಜಾಗ ಸಿಗುತ್ತದೆ. ಚಾಸಿಸ್ ಇದ್ದಲ್ಲೇ ಇರುವುದರಿಂದ ಹೊಟ್ಟೆ ತಾಗುವುದು ತಪ್ಪದು.

ಅಂಗಡಿಯವರು ಹೇಳದೆ ಬಿಡುವ ವಿಷಯಗಳು

ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಸ್‌ಗೂ ನಡುವೆ ಒಂದು ಸಣ್ಣ ಕಡ್ಡಿ ಇರುತ್ತದೆ. ಅದು ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವಿಗೆ ಸೇರಿದ್ದು. ಭಾರ ಹೇರಿದಾಗ ಚಾಸಿಸ್ ಕೆಳಗಿಳಿಯುತ್ತದೆ, ಕಡ್ಡಿ ಸರಿಯುತ್ತದೆ, ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಹೋಗುತ್ತದೆ. ಖಾಲಿಯಿದ್ದಾಗ ಕಡಿಮೆ, ಇಲ್ಲದಿದ್ದರೆ ಹಿಂದಿನ ಚಕ್ರ ಜಾಮ್ ಆಗಿ ಗಾಡಿ ತಿರುಗಿಬಿಡುತ್ತದೆ. ಹಿಂಭಾಗವನ್ನು 50 ಮಿ.ಮೀ. ಎತ್ತಿ ಈ ಕಡ್ಡಿಯನ್ನು ಹಾಗೇ ಬಿಟ್ಟರೆ, ಗಾಡಿ ತುಂಬಿರುವಾಗಲೂ ವಾಲ್ವ್ ಅದನ್ನು ಖಾಲಿ ಎಂದೇ ಎಣಿಸುತ್ತದೆ. ಹಿಂದಿನ ಬ್ರೇಕ್ ದುರ್ಬಲವಾಗುತ್ತದೆ, ಮುಂದಿನದು ಕಾಯುತ್ತದೆ. ನಿಮ್ಮ ಗಾಡಿಯಲ್ಲಿ ಈ ವಾಲ್ವ್ ಇದ್ದರೆ ಅದರ ಕಡ್ಡಿಯನ್ನೂ ಲಿಫ್ಟಿಗೆ ತಕ್ಕಂತೆ ಸರಿಪಡಿಸಲೇಬೇಕು.

ಮುಂಭಾಗ ಎತ್ತಿದಾಗ ಚಕ್ರದ ಕೋನಗಳು ಬದಲಾಗುತ್ತವೆ. ಅವುಗಳಲ್ಲಿ ಕ್ಯಾಸ್ಟರ್ ಎಂಬುದು ತಿರುವಿನ ನಂತರ ಸ್ಟೀರಿಂಗ್ ತಾನೇ ನೇರಕ್ಕೆ ಬರುವಂತೆ ಮಾಡುವ ಕೋನ. ಅದು ಕಡಿಮೆಯಾದರೆ ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಆದ್ದರಿಂದ ಅಲೈನ್‌ಮೆಂಟ್ ಮಾಡಿಸದೆ ಗ್ಯಾರೇಜಿನಿಂದ ಹೊರಡಬೇಡಿ, ಅದರ ಮುದ್ರಿತ ಚೀಟಿ ಕೇಳಿ ಪಡೆಯಿರಿ.

ಉರುಳುವ ಅಪಾಯಕ್ಕೂ ಒಂದು ಲೆಕ್ಕವಿದೆ. ಎಡಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಬೇಕು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಗಾಡಿಗಳಿಗೆ ಉರುಳುವಿಕೆಯ ಅಂಕ ಕೊಡಲು ಈ ಅಳತೆಯನ್ನು ಬಳಸುತ್ತದೆ. ಸಾಮಾನ್ಯ ಕಾರುಗಳಿಗೆ ಅದು 1.3ರಿಂದ 1.5, ಪಿಕಪ್ ಮತ್ತು ಎಸ್‌ಯುವಿಗಳಿಗೆ ಸಾಮಾನ್ಯವಾಗಿ 1.0ರಿಂದ 1.25. ಅಂದರೆ ಪಿಕಪ್ ಹುಟ್ಟಿನಿಂದಲೇ ಅಂಚಿನ ಹತ್ತಿರ ಇದೆ. ಉದಾಹರಣೆಗೆ ಅಗಲ 1,540, ಗುರುತ್ವ ಕೇಂದ್ರ 700 ಮಿ.ಮೀ. ಎತ್ತರದಲ್ಲಿದ್ದರೆ ಅಂಕ 1.10. ಲಿಫ್ಟ್ ಮತ್ತು ಟೈರ್ ಸೇರಿ ಕೇಂದ್ರ 60 ಮಿ.ಮೀ. ಏರಿದರೆ ಅಂಕ 1.01. ಬಹುಪಾಲು ಉರುಳುವಿಕೆ ಆಗುವುದು ಗಾಡಿ ಅಡ್ಡಡ್ಡ ಜಾರಿ ಚಕ್ರ ಯಾವುದಕ್ಕೋ ಸಿಕ್ಕಿಕೊಂಡಾಗ: ರಸ್ತೆಯಂಚಿನ ಮಣ್ಣು, ಚರಂಡಿ, ಕಲ್ಲು. ನಮ್ಮ ಘಾಟಿಗಳಲ್ಲಿ ಇವು ಮೂರೂ ಸಾಲಾಗಿ ಕಾದಿರುತ್ತವೆ. ಇದರ ಮೇಲೆ ಮಾಡಿಗೊಂದು ಟೆಂಟ್ ಬೇರೆ ಹೇರುವವರಿದ್ದಾರೆ.

ಬಾನೆಟ್ ಎತ್ತರದ ವಿಷಯ ಗಾಡಿಯ ಹೊರಗಿರುವವರಿಗೆ ಸಂಬಂಧಿಸಿದ್ದು. ಅಮೆರಿಕದ ಐಐಎಚ್‌ಎಸ್ ಎಂಬ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ 40 ಇಂಚಿಗಿಂತ ಎತ್ತರವಿರುವ ಗಾಡಿಗಳು ಪಾದಚಾರಿಗೆ ಗುದ್ದಿದಾಗ ಸಾವು ಸಂಭವಿಸುವ ಸಾಧ್ಯತೆ, 30 ಇಂಚು ಅಥವಾ ಅದಕ್ಕಿಂತ ತಗ್ಗಿನ ಇಳಿಜಾರು ಬಾನೆಟ್ ಕಾರುಗಳಿಗೆ ಹೋಲಿಸಿದರೆ ಸುಮಾರು ಶೇ. 45 ಹೆಚ್ಚು. 40 ಇಂಚು ಎಂದರೆ ಹೆಚ್ಚೂಕಡಿಮೆ ಒಂದು ಮೀಟರ್, ಅಂಗನವಾಡಿಗೆ ಹೋಗುವ ಮಗುವಿನ ಎತ್ತರ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಮುಂಭಾಗವನ್ನಷ್ಟೇ ಎತ್ತಿ ಮೂತಿ ಆಕಾಶಕ್ಕೆ ಮಾಡಿಕೊಂಡು ಓಡಾಡುವ ಶೋಕಿ ಎಷ್ಟು ಬೆಳೆಯಿತೆಂದರೆ, 2021ರಲ್ಲಿ ಅದನ್ನು ಕಾನೂನಿನಿಂದಲೇ ನಿಷೇಧಿಸಬೇಕಾಯಿತು.

ನಮ್ಮ ಕಾನೂನು ಏನನ್ನುತ್ತದೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ಮಾಲೀಕರು ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಸೆಕ್ಷನ್ ಅಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. 'ಎಲ್ಲರೂ ಹಾಕಿಸಿದ್ದಾರೆ' ಎಂಬುದು ಚೆಕ್‌ಪೋಸ್ಟಿನಲ್ಲಿ ಕೆಲಸ ಮಾಡಬಹುದು. ಅಪಘಾತವಾದ ಮೇಲೆ ವಿಮೆಯ ಸರ್ವೇಯರ್ ಗಾಡಿಯ ಕೆಳಗೆ ಬಗ್ಗಿ ನೋಡುವಾಗ ಕೆಲಸ ಮಾಡದು.

ಹಾಗಾಗಿ ರಸ್ತೆಯಲ್ಲಿ ಓಡುವ ಗಾಡಿಗೆ ನಾವು ಹೇಳುವ ಕ್ರಮ ಹೀಗಿದೆ. ಮೂಲ ಅಳತೆಯಲ್ಲೇ, ಅಥವಾ ಕಂಪನಿ ಒಪ್ಪಿದ ಪರ್ಯಾಯ ಅಳತೆಯಲ್ಲಿ, ಒಳ್ಳೆಯ ಆಲ್ ಟೆರೇನ್ ಟೈರ್ ಹಾಕಿ. ಗೇಜ್ ಮತ್ತು ಕಂಪ್ರೆಸರ್ ಕೊಳ್ಳಿ. ಸುಸ್ತಾದ ಪ್ಲೇಟ್ ಮತ್ತು ಶಾಕ್‌ಗಳನ್ನು ಬದಲಿಸಿ; ವರ್ಷಗಟ್ಟಲೆ ಭಾರ ಹೊತ್ತು ಕುಸಿದ ಗಾಡಿ ತನ್ನ ಮೂಲ ಎತ್ತರಕ್ಕೆ ಮರಳಿದರೆ ಅದೇ ಒಂದು ಲಿಫ್ಟ್ ಹಾಕಿಸಿದಂತೆ ಕಾಣುತ್ತದೆ. ಫೋರ್-ಬೈ-ಫೋರ್ ಲೋ ಗೇರನ್ನು ಯಾವಾಗ ಹಾಕಬೇಕೆಂದು ಕಲಿಯಿರಿ. ತೋಟದ ದಾರಿಯಲ್ಲಿ ಪದೇ ಪದೇ ತಾಗುವ ಜಾಗ ಒಂದೆರಡೇ ಇದ್ದರೆ, ಅಲ್ಲಿಗೆ ಎರಡು ಲೋಡ್ ಕಲ್ಲು ಹಾಕಿಸುವುದು ಗಾಡಿ ಎತ್ತರಿಸುವುದಕ್ಕಿಂತ ಅಗ್ಗ.

ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವವರು ಈಗಾಗಲೇ ಎತ್ತರಿಸಿದ ಗಾಡಿ ಸಿಕ್ಕರೆ ಇಷ್ಟನ್ನು ನೋಡಿ: ಮೂಲ ಸ್ಪ್ರಿಂಗ್, ಶಾಕ್, ಟೈರ್‌ಗಳನ್ನು ಮಾಲೀಕರು ಇಟ್ಟುಕೊಂಡಿದ್ದಾರೆಯೇ; ಸಿವಿ ಬೂಟ್ ಒಣಗಿದೆಯೇ, ಸುತ್ತ ಗ್ರೀಸ್ ಇದೆಯೇ; ಮುಂದಿನ ಟೈರಿನ ಒಳಅಂಚು ಹೊರಅಂಚು ಸಮನಾಗಿ ಸವೆದಿವೆಯೇ; ಬ್ಲಾಕ್ ಮೇಲೆ ಬ್ಲಾಕ್ ಇದೆಯೇ; ಫೆಂಡರ್ ಒಳಗಿನ ಪ್ಲಾಸ್ಟಿಕ್‌ನಲ್ಲಿ ಉಜ್ಜಿದ ಗುರುತಿದೆಯೇ; ಬ್ರೇಕ್ ಹೋಸ್ ಬಿಗಿಯಾಗಿ ಎಳೆದಂತಿದೆಯೇ. ಮೊಬೈಲ್ ಜಿಪಿಎಸ್ ಇಟ್ಟುಕೊಂಡು ಹೆದ್ದಾರಿಯಲ್ಲಿ ಓಡಿಸಿ, ಸ್ಪೀಡೋಮೀಟರ್ ಜೊತೆ ಹೋಲಿಸಿ. ಮೀಟರ್ ಕಡಿಮೆ ತೋರಿಸುತ್ತಿದ್ದರೆ ಓಡೋಮೀಟರಿನ ಅಂಕಿಗೂ ಅಷ್ಟು ಸೇರಿಸಿಯೇ ಬೆಲೆ ಮಾತಾಡಿ. ಕತ್ತಲಾದ ಮೇಲೆ ಗಾಡಿಯನ್ನು ಸಮತಟ್ಟು ನೆಲದಲ್ಲಿ ಗೋಡೆಯಿಂದ ಐದಾರು ಮೀಟರ್ ದೂರ ನಿಲ್ಲಿಸಿ ಲೋ ಬೀಮ್ ಹಾಕಿ. ಬೆಳಕಿನ ಮೇಲಂಚು ಹೆಡ್‌ಲೈಟಿನ ಎತ್ತರಕ್ಕಿಂತ ತುಸು ಕೆಳಗೆ ಬೀಳಬೇಕು. ಮೇಲೆ ಬಿದ್ದರೆ ಎದುರು ಬರುವ ಬೈಕಿನವರಿಗೆ ದಾರಿ ಕಾಣುವುದಿಲ್ಲ. ಅದನ್ನು ಸರಿಪಡಿಸಲು ಹೆಚ್ಚಿನ ಗಾಡಿಗಳಲ್ಲಿ ಹೆಡ್‌ಲೈಟಿನ ಹಿಂದೆ ಒಂದು ಸ್ಕ್ರೂ ಇರುತ್ತದೆ. ತಿರುಗಿಸಲು ಐದು ನಿಮಿಷ ಸಾಕು.